ಬಾಡಿಗೆ ಗಿಟಾರು

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸು ಅಂತ ನೆಪ ಹೇಳಬಹುದು, ಆದ್ರೆ ನಿಜವಾದ ಕಾರಣ ಸೋಮಾರಿತನ. ಇವತ್ತು ಬರೀಲೇಬೇಕು ಅನ್ನಿಸಿದ್ದಕ್ಕೆ ಕಾರಣ ಒಬ್ಬ ಗೆಳೆಯ. ಹೋದ ಶನಿವಾರ ರಾತ್ರಿ ನಮ್ಮ ರೂಮಲ್ಲಿ ಕೂತು ಅವನು ಒಂದು ಮಾತು ಎಸೆದು ಹೋದ. ಅದು ಹಲ್ಲಿನ ಸಂದಿಗೆ ಸಿಕ್ಕಿದ ಮಾವಿನ ನಾರಿನ ಹಾಗೆ ಆವತ್ತಿಂದ ಕಾಡ್ತಾ ಇದೆ.

ಜೂಲಿ ಲಂಡನ್ ಹಾಡಿದ 'ಕ್ರೈ ಮಿ ಎ ರಿವರ್' ಹಾಕಿದ್ದೆ. 1955ರ ಹಾಡು. ಹಾಡುವವಳೊಬ್ಬಳು, ಒಂದು ಗಿಟಾರು, ಒಂದು ಡಬಲ್ ಬಾಸ್. ಅಷ್ಟೇ. ಡ್ರಮ್ಸ್ ಇಲ್ಲ, ಪಿಯಾನೋ ಇಲ್ಲ. ನನ್ನ ಈ ಗೆಳೆಯ ಜಾಜ್ ವಿಷಯದಲ್ಲಿ ಬಹಳ ಮಡಿ. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಬಾರ್ನಿ ಕೆಸೆಲ್ ಅಲ್ವಾ? ಎಂಥಾ ಕೈ! ಆಮೇಲೆ ಹಾಳಾದ ಮನುಷ್ಯ" ಅಂದ. ಯಾಕೋ ಅಂದೆ. "ಮತ್ತಿನ್ನೇನು, ಎಲ್ವಿಸ್‌ಗೆ, ಬೀಚ್ ಬಾಯ್ಸ್‌ಗೆ, ಯಾರ್ಯಾರಿಗೋ ದುಡ್ಡಿಗೆ ನುಡಿಸ್ಕೊಂಡು ಕೂತ. ಬಾಡಿಗೆ ಗಿಟಾರು ಕಣೋ."

ಆ ಕ್ಷಣಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ವಾದದಲ್ಲಿ ನನಗೆ ಉತ್ತರ ಹೊಳೆಯೋದು ಯಾವಾಗಲೂ ಎದುರಾಳಿ ಲಿಫ್ಟಲ್ಲಿ ಇಳಿದು ಹೋದ ಮೇಲೆ. ಹಾಗಾಗಿ ಈ ಉದ್ದ ಪೋಸ್ಟು. ಸಹಿಸ್ಕೊಳ್ಳಿ :-)

ಗೆಳೆಯ ಹೇಳಿದ್ದು ಅವನೊಬ್ಬನ ಮಾತಲ್ಲ ಅನ್ನೋದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಕೆಸೆಲ್ ಬಗ್ಗೆ ಬರೆಯುವ ಜಾಜ್ ಪ್ರಿಯರು ಅವನ ಬದುಕನ್ನ ಇಬ್ಭಾಗ ಮಾಡ್ತಾರೆ. ಐವತ್ತರ ದಶಕದ ಜಾಜ್ ಕೆಸೆಲ್ ಅಸಲಿ. ಅರವತ್ತರ ದಶಕದ ಸ್ಟುಡಿಯೋ ಕೆಸೆಲ್ ದಂಡ. ಎಪ್ಪತ್ತರಲ್ಲಿ ಮತ್ತೆ ದಾರಿಗೆ ಬಂದ ಮಗ. ಕುಡಿತ ಬಿಟ್ಟವರ ಬಗ್ಗೆ ಮಾತಾಡೋ ಥರ. ನನಗೆ ಈ ಲೆಕ್ಕ ಸರಿ ಕಾಣಲ್ಲ. ಯಾಕೆ ಅಂತ ಹೇಳೋಕೆ ಅವನ ಕತೆಯನ್ನ ಸ್ವಲ್ಪ ಹೇಳಬೇಕು. (ಏಕವಚನಕ್ಕೆ ಕ್ಷಮೆ ಇರಲಿ. ನನಗೆ ತೀರಾ ಇಷ್ಟವಾದವರೆಲ್ಲ ಏಕವಚನವೇ.)

ಬಾರ್ನಿ ಕೆಸೆಲ್ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಒಕ್ಲಹೋಮಾ ರಾಜ್ಯದ ಮಸ್ಕೋಗಿ ಅನ್ನೋ ಊರಲ್ಲಿ. ಅಪ್ಪ ಹಂಗೆರಿಯಿಂದ ಬಂದ ಯಹೂದಿ, ಚಪ್ಪಲಿ ಬೂಟಿನ ಅಂಗಡಿ. ಹುಡುಗ ಮನೆ ಮನೆಗೆ ಪೇಪರ್ ಹಾಕಿ ದುಡ್ಡು ಕೂಡಿಟ್ಟು ಹನ್ನೆರಡನೇ ವಯಸ್ಸಿಗೆ ಗಿಟಾರು ಕೊಂಡ. ಹದಿನಾಲ್ಕಕ್ಕೆ ಊರಿನ ಕಪ್ಪು ಜನರ ಬ್ಯಾಂಡೊಂದರಲ್ಲಿ ನುಡಿಸೋಕೆ ಶುರು ಮಾಡಿದ. ಆ ಕಾಲದ ಒಕ್ಲಹೋಮಾದಲ್ಲಿ ಬಿಳಿಯರು ಕರಿಯರು ಒಂದೇ ಶಾಲೆಯಲ್ಲಿ ಓದೋ ಹಾಗಿರಲಿಲ್ಲ ಅನ್ನೋದನ್ನ ನೆನಪಿಟ್ಟುಕೊಂಡರೆ ಇದು ಸಣ್ಣ ಸಂಗತಿ ಅಲ್ಲ. ಅವನ ಜೊತೆಗಾರರೇ ಅವನಿಗೆ ಒಂದು ಹೆಸರು ಹೇಳಿದ್ದು: ಚಾರ್ಲಿ ಕ್ರಿಶ್ಚಿಯನ್.

ಚಾರ್ಲಿ ಕ್ರಿಶ್ಚಿಯನ್ ಯಾರು ಅಂತ ಒಂದೆರಡು ಸಾಲಲ್ಲಿ ಹೇಳಿಬಿಡ್ತೀನಿ. ಅವನಿಗಿಂತ ಮುಂಚೆ ದೊಡ್ಡ ಬ್ಯಾಂಡುಗಳಲ್ಲಿ ಗಿಟಾರಿನ ಕೆಲಸ ಹೆಚ್ಚಾಗಿ ತಾಳ ಹಾಕೋದು. ಹಿಂದೆ ಕೂತು ಝಕ್ ಝಕ್ ಅಂತ ಬಾರಿಸ್ತಾ ಇರಬೇಕು. ಸ್ಯಾಕ್ಸೊಫೋನು, ಟ್ರಂಪೆಟ್ಟುಗಳ ಅಬ್ಬರದಲ್ಲಿ ಅದು ಕೇಳಿಸಿದರೆ ಪುಣ್ಯ. ಕ್ರಿಶ್ಚಿಯನ್ ಗಿಟಾರಿಗೆ ಕರೆಂಟು ಕೊಟ್ಟು, ಸ್ಯಾಕ್ಸೊಫೋನಿನ ಹಾಗೆ ಒಂದೊಂದೇ ಸ್ವರ ಹಿಡಿದು ಮನೋಧರ್ಮ ನುಡಿಸಿದ. ಬೆನ್ನಿ ಗುಡ್‌ಮನ್ ಬ್ಯಾಂಡಿನಲ್ಲಿ ಮೂರು ವರ್ಷವೂ ತುಂಬಲಿಲ್ಲ, ಕ್ಷಯ ಬಂದು 1942ರಲ್ಲಿ 25ನೇ ವಯಸ್ಸಿಗೆ ಹೋಗಿಬಿಟ್ಟ. ಆದ್ರೆ ಅಷ್ಟರಲ್ಲಿ ಜಾಜ್ ಗಿಟಾರು ಅಂದ್ರೆ ಅವನು ನುಡಿಸಿದ್ದು ಅಂತಾಗಿತ್ತು.

ಹದಿನಾರರ ಹುಡುಗ ಕೆಸೆಲ್‌ಗೆ ಒಕ್ಲಹೋಮಾ ಸಿಟಿಯಲ್ಲಿ ಈ ದೇವರು ಎದುರಿಗೇ ಸಿಕ್ಕಿಬಿಟ್ಟ. ಇಬ್ಬರೂ ಕೂತು ನುಡಿಸಿದ್ರು. ಆಗ ಕೆಸೆಲ್‌ಗೆ ಆದ ಅನುಭವವನ್ನ ಅವನು ಮುಂದೆ ಹೇಳಿಕೊಂಡಿದ್ದಾನೆ. ಅವನಿಗೆ ಬರ್ತಾ ಇದ್ದದ್ದೆಲ್ಲ ಕ್ರಿಶ್ಚಿಯನ್ ರೆಕಾರ್ಡುಗಳಿಂದ ಕದ್ದು ಕಲಿತದ್ದು. ಕ್ರಿಶ್ಚಿಯನ್ ಎದುರಿಗೆ ಕೂತು ಕ್ರಿಶ್ಚಿಯನ್‌ದನ್ನೇ ನುಡಿಸೋದು ಹೇಗೆ? ತನ್ನದು ಅಂತ ಏನೂ ಇಲ್ಲವಲ್ಲ ಅಂತ ಆವತ್ತು ಗೊತ್ತಾಯ್ತಂತೆ. ನನ್ನ ಮಟ್ಟಿಗೆ ಕೆಸೆಲ್ ಕತೆಯ ಕೀಲಿ ಇರೋದು ಇಲ್ಲಿ. ತನ್ನದೇ ದನಿ ಬೇಕು ಅಂತ ಹದಿನಾರಕ್ಕೇ ಹೊರಟವನು, ಮುಂದೆ ನೂರಾರು ಹಾಡಿನಲ್ಲಿ ತನ್ನದು ಅಂತ ಯಾರಿಗೂ ಗೊತ್ತಾಗದ ಹಾಗೆ ನುಡಿಸಿದ.

1942ರಲ್ಲಿ ಲಾಸ್ ಏಂಜಲೀಸ್‌ಗೆ ಬಂದ. ಮಾರ್ಕ್ಸ್ ಸಹೋದರರ ಸಿನಿಮಾ ನೋಡಿದವರಿಗೆ ಚಿಕೋ ಮಾರ್ಕ್ಸ್ ಗೊತ್ತಿರ್ತಾನೆ. ಆ ನಗೆಗಾರನ ಹೆಸರಿನಲ್ಲಿ ಒಂದು ಬ್ಯಾಂಡ್ ಓಡಾಡ್ತಿತ್ತು, ಅದರಲ್ಲಿ ಕೆಲಸ ಸಿಕ್ತು. ಆಮೇಲೆ ಚಾರ್ಲಿ ಬಾರ್ನೆಟ್, ಆರ್ಟಿ ಶಾ ಬ್ಯಾಂಡುಗಳು.

1944ರಲ್ಲಿ 'ಜಾಮಿನ್ ದ ಬ್ಲೂಸ್' ಅಂತ ಹತ್ತು ನಿಮಿಷದ ಒಂದು ಕಿರುಚಿತ್ರ ಬಂತು. ತೆಗೆದದ್ದು ಗ್ಯೋನ್ ಮಿಲಿ ಅನ್ನೋ ಫೋಟೋಗ್ರಾಫರ್. ಲೆಸ್ಟರ್ ಯಂಗ್ ಥರದ ಘಟಾನುಘಟಿಗಳೆಲ್ಲ ಅದರಲ್ಲಿದ್ದಾರೆ. ಎಲ್ಲರೂ ಕಪ್ಪು ಕಲಾವಿದರು, ಕೆಸೆಲ್ ಒಬ್ಬನೇ ಬಿಳಿಯ. ಕರಿಯರ ಜೊತೆ ಬಿಳಿಯನೊಬ್ಬ ಸಮಾನವಾಗಿ ಕೂತು ನುಡಿಸೋದನ್ನ ತೋರಿಸಿದರೆ ದಕ್ಷಿಣದ ರಾಜ್ಯಗಳಲ್ಲಿ ಚಿತ್ರ ಓಡಲ್ಲ ಅನ್ನೋ ಭಯ. ಏನು ಮಾಡಿದ್ರು ಗೊತ್ತಾ? ಅವನನ್ನ ನೆರಳಲ್ಲಿ ಕೂರಿಸಿದ್ರು. ಕೈಯನ್ನ ಹತ್ತಿರದಿಂದ ತೋರಿಸಬೇಕಾದಾಗ ಬೆರ್ರಿ ಹಣ್ಣಿನ ರಸ ಬಳಿದು ಕಪ್ಪು ಮಾಡಿದ್ರು. ಈ ಚಿತ್ರ ಈಗ ನೆಟ್‌ನಲ್ಲಿ ಸಿಗುತ್ತೆ, ನೋಡಿ. ಫೋಟೋಗ್ರಫಿ ಎಷ್ಟು ಸೊಗಸು ಅಂದ್ರೆ, ಆ ನೆರಳಿನ ಹಿಂದೆ ಇಂಥ ಕಾರಣ ಇದೆ ಅಂತ ಅನ್ನಿಸೋದೇ ಇಲ್ಲ. ಇಪ್ಪತ್ತೊಂದು ವರ್ಷದ ಹುಡುಗ, ಮೊದಲ ಸಿನಿಮಾ, ಮುಖ ಕಾಣಲ್ಲ. ಕೈ ಕಾಣುತ್ತೆ, ಅದಕ್ಕೂ ಬಣ್ಣ.

ಆಮೇಲಿನ ಹತ್ತು ವರ್ಷ ನನ್ನ ಗೆಳೆಯ ಹೇಳೋ 'ಅಸಲಿ' ಕಾಲ. 1947ರಲ್ಲಿ ಚಾರ್ಲಿ ಪಾರ್ಕರ್, ಕ್ಯಾಮರಿಲ್ಲೋದ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದ ಹೊಸತರಲ್ಲಿ, 'ರಿಲ್ಯಾಕ್ಸಿನ್ ಅಟ್ ಕ್ಯಾಮರಿಲ್ಲೋ' ರೆಕಾರ್ಡ್ ಮಾಡಿದಾಗ ಗಿಟಾರು ಕೆಸೆಲ್‌ದು. 1952-53ರಲ್ಲಿ ಆಸ್ಕರ್ ಪೀಟರ್ಸನ್ ಟ್ರಯೋ. ಪೀಟರ್ಸನ್‌ನ ಪಿಯಾನೋ ಕೇಳಿದವರಿಗೆ ಗೊತ್ತು, ಅವನ ವೇಗಕ್ಕೆ ಸಮನಾಗಿ ನಿಲ್ಲೋದು ಅಂದ್ರೆ ತಮಾಷೆ ಅಲ್ಲ. ಸುಮಾರು ಒಂದು ವರ್ಷ ಊರೂರು ಸುತ್ತಿ ಕೆಸೆಲ್ ಆ ಕೆಲಸ ಬಿಟ್ಟು ಲಾಸ್ ಏಂಜಲೀಸ್‌ಗೆ ವಾಪಸ್ ಬಂದ. ಅವನ ಜಾಗಕ್ಕೆ ಹರ್ಬ್ ಎಲ್ಲಿಸ್ ಹೋದ. 1957ರಿಂದ ರೇ ಬ್ರೌನ್, ಶೆಲ್ಲಿ ಮ್ಯಾನ್ ಜೊತೆ 'ಪೋಲ್ ವಿನ್ನರ್ಸ್' ರೆಕಾರ್ಡುಗಳು. ಪತ್ರಿಕೆಗಳ ಓದುಗರ ಮತದಾನದಲ್ಲಿ ಮೂವರೂ ತಮ್ಮ ತಮ್ಮ ವಾದ್ಯಕ್ಕೆ ಮೊದಲ ಸ್ಥಾನ ಗೆದ್ದವರು, ಅದಕ್ಕೇ ಆ ಹೆಸರು. ಗಿಟಾರು, ಬಾಸ್, ಡ್ರಮ್ಸ್ ಮಾತ್ರ. ಪಿಯಾನೋ ಇಲ್ಲದ್ದರಿಂದ ರಾಗವನ್ನೂ ಅದರ ಕೆಳಗಿನ ಕಾರ್ಡುಗಳನ್ನೂ (ಒಟ್ಟಿಗೆ ನುಡಿಯೋ ಸ್ವರಗಳ ಗೊಂಚಲು ಅಂದುಕೊಳ್ಳಿ) ಗಿಟಾರೊಂದೇ ಹೊತ್ತುಕೊಳ್ಳಬೇಕು. ಕೆಸೆಲ್ ಎರಡನ್ನೂ ಒಂದೇ ಕೈಯಲ್ಲಿ ಮಾಡ್ತಾನೆ. ಕಾಲೇಜು ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಗಿಟಾರು ಕೆರೆದು ಪಕ್ಕದ ರೂಮಿನವರ ಶಾಪ ತಿಂದ ನನಗೆ ಅದು ಎಷ್ಟು ಕಷ್ಟ ಅಂತ ಚೆನ್ನಾಗಿ ಗೊತ್ತು.

ಆದ್ರೆ ಗಮನಿಸಿ. 'ಅಸಲಿ' ಕಾಲದಲ್ಲೂ ಅವನು ಬೇರೆಯವರಿಗೇ ನುಡಿಸ್ತಾ ಇದ್ದ. 1952ರಲ್ಲಿ ಫ್ರೆಡ್ ಆಸ್ಟೇರ್ ಹಾಡಿದಾಗ ಹಿಂದೆ ಕೆಸೆಲ್ ಇದ್ದ. 1955ರಲ್ಲಿ, 57ರಲ್ಲಿ ಬಿಲ್ಲಿ ಹಾಲಿಡೇ ಹಾಡಿದಾಗ ಇದ್ದ. 1956ರಲ್ಲಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಕೋಲ್ ಪೋರ್ಟರ್ ಹಾಡುಗಳನ್ನ ಹಾಡಿದಾಗ ಇದ್ದ. ಅವನ್ನೆಲ್ಲ ಯಾರೂ ಬಾಡಿಗೆ ಅನ್ನಲ್ಲ. ಸಂಬಳ ಅದಕ್ಕೂ ಕೊಟ್ಟಿದ್ರು ಸ್ವಾಮಿ!

ಆ ಜೂಲಿ ಲಂಡನ್ ಹಾಡನ್ನೇ ತಗೊಳ್ಳಿ. ಶುರುವಿನಲ್ಲಿ ಗಿಟಾರು ಒಂದೇ ಕೆಲವು ಕಾರ್ಡುಗಳನ್ನ ನುಡಿಸುತ್ತೆ, ಅಷ್ಟರಲ್ಲೇ ಕೋಣೆಯ ದೀಪ ಸಣ್ಣದಾಗುತ್ತೆ. ಆಮೇಲೆ ಅವಳು ಬರ್ತಾಳೆ. ಜೂಲಿಯದ್ದು ದೊಡ್ಡ ಕಂಠ ಅಲ್ಲ, ಪಕ್ಕದಲ್ಲಿ ಕೂತು ಪಿಸುಗುಟ್ಟುವ ದನಿ. ಕೆಸೆಲ್ ಮನಸ್ಸು ಮಾಡಿದ್ರೆ ಎರಡು ಸಾಲಿನ ಮಧ್ಯೆ ನೂರು ಸ್ವರ ತುರುಕಬಹುದಿತ್ತು, ಪಾರ್ಕರ್ ಜೊತೆ ನುಡಿಸಿದ ಕೈ ಅದು. ಅವನು ಏನು ಮಾಡ್ತಾನೆ? ಅವಳು ಉಸಿರು ತಗೊಳ್ಳೋವಾಗ ಒಂದು ಕಾರ್ಡ್ ಇಟ್ಟು ಸುಮ್ಮನಾಗ್ತಾನೆ. ಅವಳು ಜಾರುವ ಕಡೆ ಕೆಳಗೊಂದು ಮೆಟ್ಟಿಲು ಇಡ್ತಾನೆ. ಕಛೇರಿಯಲ್ಲಿ ಒಳ್ಳೆಯ ಪಕ್ಕವಾದ್ಯದವರು ಮಾಡೋದು ಇದನ್ನೇ ಅಲ್ವಾ? ಗಾಯಕರ ಆಲಾಪನೆಯನ್ನ ಮುಚ್ಚದೆ ಅದರ ನೆರಳಿನ ಹಾಗೆ ಹೋಗೋದು. ಆ ಹಾಡಲ್ಲಿ ನನ್ನ ಗೆಳೆಯ ಕಣ್ಣು ಮುಚ್ಚಿದ್ದು ಕೆಸೆಲ್ ಏನು ನುಡಿಸಿದ ಅನ್ನೋದಕ್ಕೆ ಎಷ್ಟೋ, ಏನನ್ನ ನುಡಿಸದೆ ಬಿಟ್ಟ ಅನ್ನೋದಕ್ಕೂ ಅಷ್ಟೇ. ಈ 'ಬಿಡೋದು' ಅವನಿಗೆ ಗೊತ್ತಿದ್ದಕ್ಕೇ ಸ್ಟುಡಿಯೋಗಳು ಅವನನ್ನ ಕರೆದಿದ್ದು. ಎರಡೂ ಒಂದೇ ವಿದ್ಯೆ.

ಇನ್ನು ಸ್ಟುಡಿಯೋ ಕೆಲಸ ಅಂದ್ರೆ ಏನು ಅಂತ ಸ್ವಲ್ಪ. ಅಮೆರಿಕದಲ್ಲಿ ಸಂಗೀತಗಾರರ ಯೂನಿಯನ್ ಇದೆ, ಅದರ ನಿಯಮದ ಪ್ರಕಾರ ಒಂದು ರೆಕಾರ್ಡಿಂಗ್ ಸೆಷನ್ ಅಂದ್ರೆ ಸಾಮಾನ್ಯವಾಗಿ ಮೂರು ಗಂಟೆ, ಅದಕ್ಕೊಂದು ಗೊತ್ತಾದ ಕೂಲಿ. ಒಂದಕ್ಕಿಂತ ಹೆಚ್ಚು ವಾದ್ಯ ನುಡಿಸಿದ್ರೆ ಸ್ವಲ್ಪ ಜಾಸ್ತಿ. ಬೆಳಗ್ಗೆ ಸ್ಟುಡಿಯೋಗೆ ಹೋಗ್ತೀರಿ. ಎದುರಿಗೆ ಒಂದು ಕಾಗದ ಇಡ್ತಾರೆ, ಈ ಮೊದಲು ನೋಡೇ ಇರದ ಸ್ವರಲಿಪಿ. ಕೆಲವೊಮ್ಮೆ ಅದೂ ಇರಲ್ಲ, ಬರೀ ಕಾರ್ಡುಗಳ ಹೆಸರು. ಬೆಳಗ್ಗೆ ಸಿನಿಮಾದ ಹಿನ್ನೆಲೆ ಸಂಗೀತ, ಮಧ್ಯಾಹ್ನ ಸೋಪಿನ ಜಾಹೀರಾತು, ಸಂಜೆ ಹದಿನೆಂಟರ ಹುಡುಗ ಹಾಡೋ ರಾಕ್ ಎನ್ ರೋಲ್. ಎಲ್ಲ ಕಡೆಯೂ ಮೊದಲ ಸಲಕ್ಕೇ ಸರಿ ಬರಬೇಕು. ನೀವು ತಪ್ಪಿದ್ರೆ ಪೂರ್ತಿ ಬ್ಯಾಂಡು ಮತ್ತೆ ನುಡಿಸಬೇಕು, ಸ್ಟುಡಿಯೋ ಮೀಟರು ಆಟೋ ಮೀಟರಿನ ಥರ ಓಡ್ತಾ ಇರುತ್ತೆ. ಎರಡು ಸಲ ತಪ್ಪಿದವರಿಗೆ ಮೂರನೇ ಸಲ ಫೋನು ಬರಲ್ಲ.

ರಾಕ್ ಎನ್ ರೋಲ್ ಬಂದಾಗ ಎಷ್ಟೋ ಜಾಜ್ ಮಂದಿ ಮೂಗು ಮುರಿದ್ರು. ಕೆಸೆಲ್ ಮುರಿಯಲಿಲ್ಲ. 1957ರಲ್ಲಿ ವರ್ವ್ ಕಂಪನಿಯಲ್ಲಿ ಕಲಾವಿದರನ್ನ ಆರಿಸೋ ಹುದ್ದೆಯಲ್ಲಿದ್ದಾಗ ಟಿವಿಯ ಹುಡುಗ ರಿಕಿ ನೆಲ್ಸನ್‌ನ ಮೊದಲ ರೆಕಾರ್ಡ್ ಮಾಡಿಸಿದ್ದೇ ಅವನು. 1962ರಲ್ಲಿ ಎಲ್ವಿಸ್‌ನ 'ಗರ್ಲ್ಸ್! ಗರ್ಲ್ಸ್! ಗರ್ಲ್ಸ್!' ಸಿನಿಮಾ ಹಾಡುಗಳಲ್ಲಿ ನುಡಿಸಿದ. ಆಮೇಲೆ ಬಂದದ್ದು ಫಿಲ್ ಸ್ಪೆಕ್ಟರ್.

ಇಲ್ಲಿ ನನ್ನ ವಾದಕ್ಕೆ ಪೆಟ್ಟು ಬೀಳುತ್ತೆ. ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ.

ಸ್ಪೆಕ್ಟರ್ ಹೈಸ್ಕೂಲಿನಲ್ಲಿದ್ದಾಗಲೇ ಕೆಸೆಲ್‌ನ ಹುಚ್ಚು ಅಭಿಮಾನಿ. 'ಡೌನ್‌ಬೀಟ್' ಪತ್ರಿಕೆ ಕೆಸೆಲ್‌ನನ್ನ ಕಡೆಗಣಿಸಿದೆ ಅಂತ ಸಿಟ್ಟಿಗೆದ್ದು ಪತ್ರ ಬರೆದಿದ್ದ, ಅದು ಅಚ್ಚೂ ಆಗಿತ್ತು. ಅವನ ಅಕ್ಕ ಓಡಾಡಿ ಹಾಲಿವುಡ್ಡಿನ ಒಂದು ಹೋಟೆಲಿನಲ್ಲಿ ಇಬ್ಬರ ಭೇಟಿ ಮಾಡಿಸಿದ್ಲು. ಜಾಜ್ ಗಿಟಾರಿಸ್ಟ್ ಆಗಬೇಕು ಅಂತಿದ್ದ ಹುಡುಗನಿಗೆ, ಜಾಜಿನಲ್ಲಿ ಹೊಟ್ಟೆ ತುಂಬಲ್ಲ, ಪಾಪ್ ಹಾಡು ಬರೆಯೋದು, ರೆಕಾರ್ಡ್ ಮಾಡಿಸೋದು ಕಲಿ ಅಂತ ಬುದ್ಧಿ ಹೇಳಿದ್ದು ಸ್ವತಃ ಕೆಸೆಲ್. ಹುಡುಗ ಮಾತು ಕೇಳಿದ. ಎಷ್ಟು ಕೇಳಿದ ಅಂದ್ರೆ ಕೆಲವೇ ವರ್ಷಗಳಲ್ಲಿ ಕೆಸೆಲ್‌ಗೆ ಸಂಬಳ ಕೊಡೋ ಧಣಿಯಾದ.

ಸ್ಪೆಕ್ಟರ್ ಹಾಲಿವುಡ್ಡಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ಕಟ್ಟಿದ ಸದ್ದಿಗೆ 'ವಾಲ್ ಆಫ್ ಸೌಂಡ್' ಅಂತ ಹೆಸರು. ಸದ್ದಿನ ಗೋಡೆ. ಸಣ್ಣ ಕೋಣೆ, ಅದರೊಳಗೆ ಮೂರ್ನಾಲ್ಕು ಗಿಟಾರು, ಎರಡು ಮೂರು ಪಿಯಾನೋ, ಬಾಸುಗಳು, ಡ್ರಮ್ಸು, ಸ್ಯಾಕ್ಸೊಫೋನುಗಳು, ಕೈಗೆ ಸಿಕ್ಕಿದವರಿಗೆಲ್ಲ ಗಿಲಕಿ. ಎಲ್ಲರೂ ಒಟ್ಟಿಗೆ ನುಡಿಸಬೇಕು, ಒಂದರ ಸದ್ದು ಇನ್ನೊಂದರ ಮೈಕಿಗೆ ಸೋರಬೇಕು, ಅದೆಲ್ಲ ಪ್ರತಿಧ್ವನಿಯ ಕೋಣೆಯಲ್ಲಿ ಮುಳುಗಿ ಎದ್ದು ಬರಬೇಕು. ಯಾವ ವಾದ್ಯವೂ ಬಿಡಿಯಾಗಿ ಕೇಳಿಸಬಾರದು, ಅದೇ ಗುರಿ. ತಾನು ಪತ್ರ ಬರೆದು ಜಗಳ ಆಡಿದ ಗುರುವನ್ನ ಸ್ಪೆಕ್ಟರ್ ಈ ಗಿಟಾರುಗಳ ಸಾಲಲ್ಲಿ ಕೂರಿಸಿ ಗಂಟೆಗಟ್ಟಲೆ ಅದದೇ ಕಾರ್ಡ್ ಬಾರಿಸಿದ. ಆ ಹಾಡುಗಳು ನನಗೆ ಇಷ್ಟವೇ. ಆದ್ರೆ ಹೆಡ್‌ಫೋನ್ ಹಾಕ್ಕೊಂಡು ಎಷ್ಟು ಸಲ ಕೇಳಿದ್ರೂ ಅವುಗಳಲ್ಲಿ ಕೆಸೆಲ್ ಎಲ್ಲಿದ್ದಾನೆ ಅಂತ ಬೆರಳಿಟ್ಟು ತೋರಿಸೋಕೆ ನನ್ನ ಕೈಲಾಗಿಲ್ಲ. ಗೆಳೆಯನ 'ದಂಡ' ಅನ್ನೋ ಮಾತು ಎಲ್ಲಾದ್ರೂ ಸರಿ ಅನ್ನೋದಾದ್ರೆ ಇಲ್ಲಿ. ಗೋಡೆ ಕಟ್ಟೋಕೆ ಶಿಲ್ಪಿಯನ್ನ ಕರೆಸಿದ ಹಾಗೆ. (ಇದೇ ಸ್ಪೆಕ್ಟರ್ 2003ರಲ್ಲಿ ನಡೆದ ಕೊಲೆಯಲ್ಲಿ ಅಪರಾಧಿ ಅಂತ 2009ರಲ್ಲಿ ತೀರ್ಪಾಗಿ, 2021ರಲ್ಲಿ ಶಿಕ್ಷೆ ಅನುಭವಿಸುತ್ತಲೇ ಸತ್ತ. ಆ ಕತೆ ಬೇರೆ, ಇಲ್ಲಿ ಬೇಡ.)

ಆದ್ರೆ ಸ್ಟುಡಿಯೋ ಕೆಲಸ ಎಲ್ಲವೂ ಗೋಡೆ ಅಲ್ಲ. ಬೀಚ್ ಬಾಯ್ಸ್‌ನ 'ಪೆಟ್ ಸೌಂಡ್ಸ್' 1966ರದ್ದು. ಆ ವರ್ಷದ ಜನವರಿಯಲ್ಲಿ ಬ್ಯಾಂಡಿನ ಉಳಿದ ಹುಡುಗರು ಜಪಾನ್ ಪ್ರವಾಸದಲ್ಲಿದ್ದಾಗ, ಬ್ರಯಾನ್ ವಿಲ್ಸನ್ ಊರಲ್ಲೇ ಉಳಿದು ಬಾಡಿಗೆ ವಾದ್ಯಗಾರರನ್ನ ಸೇರಿಸಿಕೊಂಡು ಹಾಡುಗಳ ಸಂಗೀತದ ಭಾಗವನ್ನ ರೆಕಾರ್ಡ್ ಮಾಡಿದ. 'ವುಡಂಟ್ ಇಟ್ ಬಿ ನೈಸ್' ಹಾಡಿನ ಮೊದಲ ಕೆಲವು ಸೆಕೆಂಡು ನಿಮಗೆ ಗೊತ್ತಿರಲೇಬೇಕು. ಮಕ್ಕಳ ಸಂಗೀತ ಪೆಟ್ಟಿಗೆ ತೆರೆದ ಹಾಗೆ ಮಿಣ ಮಿಣ ಅನ್ನೋ ಒಂದು ಗಿಟಾರು, ಆಮೇಲೆ ಧಡ್ ಅಂತ ಡ್ರಮ್ ಏಟು, ಹಾಡು ಶುರು. ಆ ಮಿಣಮಿಣ ಹನ್ನೆರಡು ತಂತಿಯ ಗಿಟಾರಿನದ್ದು, ಮೈಕಿಲ್ಲದೆ ನೇರ ಕನ್ಸೋಲಿಗೆ ಜೋಡಿಸಿದ್ದು. ಆ ದಿನದ ಸೆಷನ್ನಿನಲ್ಲಿ ಕೆಸೆಲ್ ಇದ್ದ, ಜೆರ್ರಿ ಕೋಲ್ ಅನ್ನೋ ಇನ್ನೊಬ್ಬ ಗಿಟಾರಿಸ್ಟೂ ಇದ್ದ. ಆ ಕೆಲವು ಸೆಕೆಂಡನ್ನ ನುಡಿಸಿದ್ದು ಯಾರು? ಕೆಸೆಲ್ ಅಂತ ಕೆಲವರು, ಕೋಲ್ ಅಂತ ಕೆಲವರು. ಇವತ್ತಿಗೂ ಜಗಳ ತೀರಿಲ್ಲ.

ಯಾಕೆ ತೀರಿಲ್ಲ ಅಂದ್ರೆ ರೆಕಾರ್ಡಿನ ಕವರಿನ ಮೇಲೆ ಇಬ್ಬರ ಹೆಸರೂ ಇರಲಿಲ್ಲ. ಕವರಿನಲ್ಲಿ ಆಡುಗಳಿಗೆ ತಿಂಡಿ ತಿನ್ನಿಸ್ತಾ ಇರೋ ಹುಡುಗರ ಫೋಟೋ ಇದೆ, ಆಡಿಗಿರೋ ಜಾಗ ಕೆಸೆಲ್‌ಗಿಲ್ಲ.

ನನ್ನ ಸಿಟ್ಟು ಇರೋದು ಈ ಜಾಗದಲ್ಲಿ. ಆ ಕಾಲದ ಕಂಪನಿಗಳಿಗೆ ಇದು ಮಾಮೂಲಿ. 1965ರಲ್ಲಿ ಬರ್ಡ್ಸ್ ಬ್ಯಾಂಡಿನ 'ಮಿಸ್ಟರ್ ಟಾಂಬರೀನ್ ಮ್ಯಾನ್' ಬಂದಾಗ ಅದರಲ್ಲಿ ವಾದ್ಯ ನುಡಿಸಿದ್ದ ಬ್ಯಾಂಡಿನ ಹುಡುಗ ರಾಜರ್ ಮೆಗ್ವಿನ್ ಒಬ್ಬನೇ, ಉಳಿದವರೆಲ್ಲ ಸ್ಟುಡಿಯೋದವರು. ಮಂಕೀಸ್ ತಮ್ಮ ಮೊದಲ ರೆಕಾರ್ಡುಗಳಲ್ಲಿ ತಾವೇ ನುಡಿಸಿಲ್ಲ ಅನ್ನೋದು 1967ರಲ್ಲಿ ಹೊರಬಿದ್ದಾಗ ಜನ ಮೋಸ ಹೋದೆವು ಅಂತ ಕೂಗಾಡಿದ್ರು. ಬೈಸಿಕೊಂಡವರು ನುಡಿಸದ ಹುಡುಗರು. ಹಾಗಾದ್ರೆ ನುಡಿಸಿದ್ದು ಯಾರು ಅಂತ ಕೇಳಿದವರು ಕಡಿಮೆ.

ಹೆಸರು ಉಳಿದಿರೋದು ಒಂದೇ ಕಡೆ, ಯೂನಿಯನ್ನಿನ ಕಾಂಟ್ರ್ಯಾಕ್ಟ್ ಹಾಳೆಗಳಲ್ಲಿ. ಸಂಬಳ ಹಂಚೋಕೆ ಅಂತ ತುಂಬಿದ ಫಾರಂ ಅದು. ಯಾವ ದಿನ, ಯಾವ ಸ್ಟುಡಿಯೋ, ಎಷ್ಟರಿಂದ ಎಷ್ಟು ಗಂಟೆ, ಯಾರ್ಯಾರು, ಎಷ್ಟು ಡಾಲರ್. ನಮ್ಮ ಕೋಡಿನ ಹಿಸ್ಟರಿ ಲಾಗ್ ಇದ್ದ ಹಾಗೆ. ಇತಿಹಾಸ ಬರೆಯೋರೆಲ್ಲ ಈಗ ಇಂಥ ಹಾಳೆಗಳನ್ನ ಹುಡುಕಿ ಹುಡುಕಿ ಓದ್ತಾರೆ. ಆದ್ರೆ ಯಾರು ಕೋಣೆಯಲ್ಲಿದ್ದರು ಅಂತ ಹಾಳೆ ಹೇಳುತ್ತೆ, ಯಾವ ಸಾಲನ್ನ ಯಾರು ನುಡಿಸಿದ್ರು ಅಂತ ಹೇಳಲ್ಲ. ಅದಕ್ಕೇ ಆ ಮಿಣಮಿಣದ ಜಗಳ.

ಇದು ನನಗೆ ಯಾಕಿಷ್ಟು ತಾಗುತ್ತೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಹೇಳಬೇಕಾಗಿಲ್ಲ, ನೀವೂ ನನ್ನ ಥರದವರೇ. ಹಿಂದೊಂದು ಕಂಪನಿಯಲ್ಲಿ ಎಂಟು ತಿಂಗಳು ಕೂತು ಒಂದು ರಿಪೋರ್ಟಿಂಗ್ ಮಾಡ್ಯೂಲ್ ಬರೆದಿದ್ದೆ. ಕ್ಲೈಂಟ್ ಎದುರಿಗೆ ಡೆಮೋ ಆದ ದಿನ ಕೊನೇ ಸ್ಲೈಡಿನಲ್ಲಿ ತಂಡದ ಹೆಸರುಗಳು ಬಂದವು. ನನ್ನದಿರಲಿಲ್ಲ. ಕೇಳಿದ್ದಕ್ಕೆ ಮ್ಯಾನೇಜರ್ರು, "ನಿಮ್ದು ಶೇರ್ಡ್ ರಿಸೋರ್ಸ್ ಅಲ್ವಾ, ಅದಕ್ಕೆ ಹಾಕಿಲ್ಲ" ಅಂದ್ರು. ಸಂಬಳ ಸರಿಯಾಗಿ ಬಂದಿತ್ತು, ದೂರಬೇಕಾದ್ದೇನೂ ಇರಲಿಲ್ಲ. ಆದ್ರೂ ಆವತ್ತು ರಾತ್ರಿ ಊಟ ಸೇರಲಿಲ್ಲ. ಬಾಡಿಗೆ ತಗೊಂಡು ಕೆಲಸ ಮಾಡೋದರಲ್ಲಿ ಅವಮಾನ ಇಲ್ಲ. ಎಲ್ಲಾ ಪ್ರಾಜೆಕ್ಟಿಗೂ ಆಗ್ತಾನೆ ಅನ್ನೋ ಕಾರಣಕ್ಕೇ ಯಾವುದರ ಪಟ್ಟಿಯಲ್ಲೂ ಹೆಸರಿಲ್ಲ ಅನ್ನೋದಿದೆಯಲ್ಲ, ಅದು ಉರಿ. ನನ್ನ ರಿಪೋರ್ಟುಗಳನ್ನ ಯಾರೂ ಅರವತ್ತು ವರ್ಷ ಆದಮೇಲೆ ಹೆಡ್‌ಫೋನ್ ಹಾಕ್ಕೊಂಡು ನೋಡಲ್ಲ, ಆ ವ್ಯತ್ಯಾಸ ನನಗೆ ಗೊತ್ತು :-)

'ವರ್ಸಟೈಲ್' ಅನ್ನೋ ಪದವನ್ನೇ ನೋಡಿ. ಹೊಗಳಿಕೆಯ ಥರ ಕೇಳುತ್ತೆ. ಆದ್ರೆ ವಿಮರ್ಶಕರು ಯಾರನ್ನಾದ್ರೂ ವರ್ಸಟೈಲ್ ಅಂದ್ರು ಅಂದ್ರೆ, 'ಸ್ವಂತದ್ದು ಅಂತ ಹೆಚ್ಚೇನಿಲ್ಲ' ಅನ್ನೋ ಅರ್ಥ ಹಿಂದೆ ಅಡಗಿರುತ್ತೆ. ಎಲ್ಲ ಬರೋನಿಗೆ ಯಾವುದೂ ತನ್ನದಲ್ಲ ಅಂತ. ಚಾರ್ಲಿ ಕ್ರಿಶ್ಚಿಯನ್ ಎದುರಿಗೆ ಕೂತು ತನ್ನ ದನಿ ಹುಡುಕೋಕೆ ಹೊರಟ ಹುಡುಗನ ಬಗ್ಗೆ ಆ ಮಾತು ಸಲ್ಲದು. ಅವನಿಗೆ ದನಿ ಇತ್ತು. ಎಲ್ಲಿ ಎತ್ತಬೇಕು ಎಲ್ಲಿ ಇಳಿಸಬೇಕು ಅಂತ ಗೊತ್ತಿತ್ತು. 1965ರಲ್ಲಿ, ಅಂದ್ರೆ ಸ್ಟುಡಿಯೋ ಕೆಲಸದ ನಟ್ಟನಡುವೆ, ಹಾಲಿವುಡ್ಡಿನ ಪೀಜೇಸ್ ಕ್ಲಬ್ಬಿನಲ್ಲಿ 'ಆನ್ ಫೈರ್' ಅಂತ ಒಂದು ಲೈವ್ ರೆಕಾರ್ಡ್ ಮಾಡಿದ. ಡ್ರಮ್ಸಿನಲ್ಲಿದ್ದ ಫ್ರ್ಯಾಂಕ್ ಕ್ಯಾಪ್ ಅದೇ ಸ್ಟುಡಿಯೋ ಗುಂಪಿನವನು. ಬಾಸಿನಲ್ಲಿದ್ದ ಜೆರ್ರಿ ಶೆಫ್ ಮುಂದೆ ಎಲ್ವಿಸ್ ಜೊತೆ ಹೋದ. ಹೆಸರಿಗೆ ತಕ್ಕ ಹಾಗೆ ಬೆಂಕಿ. ಹಗಲೆಲ್ಲ ಪಾಪ್ ಹಾಡಿಗೆ ಝಕ್ ಝಕ್ ಬಾರಿಸಿ ಕೈ ಜಡ್ಡು ಹಿಡಿದಿತ್ತು ಅನ್ನೋರು ಇದನ್ನ ಕೇಳಬೇಕು.

ಇನ್ನೊಂದು ತಮಾಷೆ. ಗಿಬ್ಸನ್ ಕಂಪನಿ 1961ರಿಂದ 'ಬಾರ್ನಿ ಕೆಸೆಲ್' ಅಂತ ಅವನ ಹೆಸರಿನ ಗಿಟಾರು ಮಾರಾಟಕ್ಕೆ ತಂತು. ಅದಕ್ಕೂ ಮುಂಚೆ ಕೇ ಅನ್ನೋ ಕಂಪನಿಯೂ ತಂದಿತ್ತು. ಕೆಸೆಲ್ ಮಾತ್ರ ತನ್ನ ಹಳೇ ಗಿಬ್ಸನ್ ಇಎಸ್-350 ಬಿಡಲಿಲ್ಲ. ಅದಕ್ಕೆ ಹಾಕಿಸಿಕೊಂಡಿದ್ದದ್ದು ಚಾರ್ಲಿ ಕ್ರಿಶ್ಚಿಯನ್ ಬಳಸ್ತಿದ್ದ ನಮೂನೆಯ ಪಿಕಪ್. ಅವನ ಹೆಸರು ಬರೆದ ಗಿಟಾರನ್ನ ಅವನು ನುಡಿಸಲಿಲ್ಲ, ಅವನು ನುಡಿಸಿದ ರೆಕಾರ್ಡುಗಳಲ್ಲಿ ಅವನ ಹೆಸರಿರಲಿಲ್ಲ. ಕತೆಗಾರರು ಹೀಗೆ ಬರೆದ್ರೆ ಕೃತಕ ಅಂತ ಬೈತೀವಿ.

ಕೊನೆಗೆ ಅವನು ಸ್ಟುಡಿಯೋ ಬಿಟ್ಟ ಅನ್ನೋದು ನಿಜ, ಗೆಳೆಯ ಅದನ್ನೂ ತನ್ನ ಕಡೆಯ ಸಾಕ್ಷಿ ಅಂತ ಹೇಳ್ತಾನೆ. 1968ರಲ್ಲಿ ಯುರೋಪ್ ಪ್ರವಾಸಕ್ಕೆ ಹೋದವನು ಸ್ವಲ್ಪ ಕಾಲ ಲಂಡನ್ನಿನಲ್ಲಿ ಇದ್ದ. 1969ರಲ್ಲಿ ಪ್ಯಾರಿಸ್ಸಿನಲ್ಲಿ ಪಿಟೀಲಿನ ಸ್ಟೆಫಾನ್ ಗ್ರಾಪೆಲ್ಲಿ ಜೊತೆ ರೆಕಾರ್ಡ್ ಮಾಡಿದ. ಎಪ್ಪತ್ತರ ದಶಕದಲ್ಲಿ ಹರ್ಬ್ ಎಲ್ಲಿಸ್, ಚಾರ್ಲಿ ಬರ್ಡ್ ಜೊತೆ 'ಗ್ರೇಟ್ ಗಿಟಾರ್ಸ್' ಅಂತ ದೇಶ ದೇಶ ಸುತ್ತಿದ. ಈ ಹರ್ಬ್ ಎಲ್ಲಿಸ್ ಯಾರು, ನೆನಪಿದೆಯಾ? ಪೀಟರ್ಸನ್ ಟ್ರಯೋದಲ್ಲಿ ಇವನ ಕುರ್ಚಿಗೆ ಬಂದವನು. ಇಬ್ಬರೂ ಒಂದೇ ವೇದಿಕೆಯಲ್ಲಿ ನುಡಿಸೋದನ್ನ ಕೇಳೋದೇ ಖುಷಿ. ನಡುವೆ ಗಿಟಾರು ಕಲಿಯೋರಿಗೆ ದಪ್ಪ ಪುಸ್ತಕ ಬರೆದ, ಪತ್ರಿಕೆಗೆ ಅಂಕಣ ಬರೆದ, ಊರೂರಲ್ಲಿ ತರಗತಿ ಮಾಡಿದ. ಆದ್ರೆ ಒಂದು ಕೆಲಸ ಬಿಟ್ಟ ಮಾತ್ರಕ್ಕೆ ಅದು ಕೀಳು ಅಂತಾಗುತ್ತಾ? ಪೀಟರ್ಸನ್ ಟ್ರಯೋವನ್ನೂ ಅವನು ಬಿಟ್ಟಿದ್ದ.

1992ರಲ್ಲಿ ಪಾರ್ಶ್ವವಾಯು ಬಡಿದು ನುಡಿಸೋದು ನಿಂತುಹೋಯ್ತು. ಆಮೇಲೂ ಹನ್ನೆರಡು ವರ್ಷ ಬದುಕಿದ್ದ. 2004ರ ಮೇ 6ರಂದು ಸ್ಯಾನ್ ಡಿಯಾಗೋದಲ್ಲಿ ತೀರಿಕೊಂಡ, 80 ವರ್ಷ.

ಸ್ಟುಡಿಯೋದ ಆ ಗುಂಪಿಗೆ ಈಗ 'ರೆಕಿಂಗ್ ಕ್ರೂ' ಅನ್ನೋ ಹೆಸರು ಅಂಟಿಕೊಂಡಿದೆ. ಡ್ರಮ್ಮರ್ ಹಾಲ್ ಬ್ಲೇನ್ 1990ರಲ್ಲಿ ಬರೆದ ಪುಸ್ತಕದಿಂದ ಅದು ಮನೆಮಾತಾಯ್ತು. ಗಿಟಾರಿಸ್ಟ್ ಟಾಮಿ ಟೆಡೆಸ್ಕೋನ ಮಗ ಡೆನ್ನಿ ಅದೇ ಹೆಸರಲ್ಲಿ ಮಾಡಿದ ಸಾಕ್ಷ್ಯಚಿತ್ರ 2008ರಲ್ಲೇ ತಯಾರಾಗಿ ಉತ್ಸವಗಳಲ್ಲಿ ಓಡಿತ್ತು, ಆದ್ರೆ ಚಿತ್ರಮಂದಿರಕ್ಕೆ ಬರೋಕೆ 2015 ಆಯ್ತು. ಯಾಕೆ ಅಂದ್ರೆ ಅದರಲ್ಲಿರೋ ನೂರಕ್ಕೂ ಮಿಕ್ಕಿದ ಹಾಡುಗಳ ಹಕ್ಕಿಗೆ ದುಡ್ಡು ಕಟ್ಟಬೇಕಿತ್ತು. ಅಪ್ಪ ನುಡಿಸಿದ ಸಂಗೀತವನ್ನ ಮಗ ಕೇಳಿಸೋಕೆ ದುಡ್ಡು ಕೊಡಬೇಕು! ಬಾಸ್ ನುಡಿಸ್ತಿದ್ದ ಕ್ಯಾರಲ್ ಕೇ ಅಜ್ಜಿ ಮಾತ್ರ ಈ ಹೆಸರನ್ನೇ ಒಪ್ಪಲ್ಲ, ನಾವು ಯಾವತ್ತೂ ಹಾಗೆ ಕರ್ಕೊಂಡಿರಲಿಲ್ಲ ಅಂತಾರೆ. ಅವರೂ ಕೆಸೆಲ್ ಥರವೇ ಜಾಜ್ ಕ್ಲಬ್ಬಿನಿಂದ ಬಂದ ಗಿಟಾರಿಸ್ಟ್. 2025ರಲ್ಲಿ, ಅವರ ತೊಂಬತ್ತನೇ ವಯಸ್ಸಿನಲ್ಲಿ, ರಾಕ್ ಎನ್ ರೋಲ್ ಹಾಲ್ ಆಫ್ ಫೇಮ್ ಗೌರವ ಕೊಡ್ತೀವಿ ಅಂದಾಗ ಬೇಡ ಅಂದ್ರು. ಬೇಕಾದಾಗ ಕವರಿನ ಮೇಲೆ ಹೆಸರು ಹಾಕದೆ, ಅರವತ್ತು ವರ್ಷ ಆದಮೇಲೆ ಬೇರೆ ಯಾರೋ ಇಟ್ಟ ಹೆಸರಲ್ಲಿ ಹಾರ ಹಾಕೋಕೆ ಬಂದ್ರೆ ನಾನೂ ಹಾಗೇ ಹೇಳ್ತಿದ್ದೆನೇನೋ.

ಕೇಳಬೇಕು ಅನ್ನೋರಿಗೆ: ಮೊದಲು ಜೂಲಿ ಲಂಡನ್, ರಾತ್ರಿ ದೀಪ ಆರಿಸಿ. ಆಮೇಲೆ 1957ರ ಮೊದಲ 'ಪೋಲ್ ವಿನ್ನರ್ಸ್'. ಆಮೇಲೆ 'ಆನ್ ಫೈರ್'. ಅದಾದಮೇಲೆ 1997ರಲ್ಲಿ ಬಂದ 'ಪೆಟ್ ಸೌಂಡ್ಸ್ ಸೆಷನ್ಸ್'. ಅದರಲ್ಲಿ ಹಾಡಿಲ್ಲದ ಬರೀ ವಾದ್ಯಗಳ ಭಾಗ ಇದೆ, ತಪ್ಪಿದ ಟೇಕುಗಳಿವೆ, ಮಧ್ಯೆ ಬ್ರಯಾನ್ ವಿಲ್ಸನ್ ಮಾತಾಡೋದು ಕೇಳುತ್ತೆ, ಹೆಸರು ಹಿಡಿದು ವಾದ್ಯಗಾರರನ್ನ ಕರೆಯೋದೂ ಕೇಳುತ್ತೆ. ಗೆಳೆಯನಿಗೆ ಅದನ್ನ ಕಳಿಸಿ ನಾಲ್ಕು ದಿನ ಆಯ್ತು. "ಕೇಳ್ತಾ ಇದೀನಿ, ಸುಮ್ನಿರು" ಅಂತಷ್ಟೇ ಮೆಸೇಜು ಬಂದಿದೆ.